ಹೆಬ್ಬೆರಳಿನ ಉಗುರು

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ, ನೀಲವ್ವನ ಗಂಡ ಅವಳಿಗೆ ಹೊಡೆಯಲು ಕೈ ಎತ್ತಿದರೆ ಸಾಕು, ಮನೆಯೆಲ್ಲ ಗಿರಗಿರ ತಿರುಗಿ ತಾನೇ ದೊಪ್ಪೆಂದು ಬೀಳುತ್ತಿದ್ದ. ಬಿದ್ದಲ್ಲಿಂದಲೇ ಅರಚುತ್ತಿದ್ದ: "ಈ ತಲಿಸುತ್ತು ಒಂದ್ ಹೋಗ್ಲಿ, ನಿನ್ನ ಎಲುಬು ಮುರಿದು ಕೈಯಾಗ ಕೊಡ್ತೀನಿ!"

ಮಾತ್ರೆಗಳು ಮುಗಿದವು, ಸುತ್ತು ನಿಲ್ಲಲಿಲ್ಲ. ಕಡೆಗೆ ಇಂಥ ತಲೆಸುತ್ತಿಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಬಾಯಿ ಒಬ್ಬರು ಸಿಕ್ಕರು. ಅವನು ಮನೆಯಲ್ಲಿ ಮಂಚ ಬಿಗಿಹಿಡಿದು ನರಳುತ್ತ ಮಲಗಿದ್ದರಿಂದ ನೀಲವ್ವನಿಗೇ ಕಲಿಸಿದರು.

"ಹೆಬ್ಬೆರಳು ಮುಂದ ಹಿಡಿದು, ಅದರ ಉಗುರು ನೋಡ್ಕೋತ ತಲಿ ಆ ಕಡೆ ಈ ಕಡೆ ತಿರುಗಿಸ್ಬೇಕು. ಕಣ್ಣು ಮಾತ್ರ ಮುಚ್ಚಬಾರ್ದು. ಮುಚ್ಚಿದ್ರ ಏನೂ ಉಪಯೋಗ ಇಲ್ಲ."

ಮರುದಿನ ಬೆಳಿಗ್ಗೆ ನೀಲವ್ವ ಗಂಡನನ್ನು ದೇವರ ಜಗಲಿಯ ಮುಂದೆ ಕೂರಿಸಿದಳು.

"ಹೆಬ್ಬೆರಳು ಎತ್ರಿ. ಕಣ್ಣು ಮುಚ್ರಿ. ಈಗ ತಲಿ ತಿರುಗಸ್ರಿ."

ತಿಂಗಳು ಕಳೆದು ಇಬ್ಬರೂ ಹೋದಾಗ ಡಾಕ್ಟರಬಾಯಿ ಹುಬ್ಬು ಗಂಟಿಕ್ಕಿದರು. "ಇಷ್ಟೊತ್ತಿಗೆ ಕಡಿಮಿ ಆಗಬೇಕಿತ್ತಲ್ಲ. ಹೆಂಗ ಮಾಡ್ತೀರಿ, ತೋರಸ್ರಿ."

ಅವನು ಹೆಬ್ಬೆರಳೆತ್ತಿ, ಕಣ್ಣು ಮುಚ್ಚಿ, ತಲೆ ತಿರುಗಿಸತೊಡಗಿದ.

"ಅಯ್ಯ, ಕಣ್ಣು..." ಎಂದವರೇ ಡಾಕ್ಟರಬಾಯಿ ನೀಲವ್ವನ ಮುಖ ನೋಡಿದರು. ನೀಲವ್ವ ಕುತ್ತಿಗೆಗೆ ಸುತ್ತಿದ್ದ ಸೆರಗನ್ನು ಸರಿಸಿದಳು. ಬೆಲ್ಟಿನ ಹಳೆಯ ಏಟಿನ ಕಲೆಗಳು ಕಿವಿಯ ಬುಡದಿಂದ ಬೆನ್ನಿಗಿಳಿದಿದ್ದವು.

"ಏನ್ರಿ, ಇಕಿ ತಪ್ಪು ಹೇಳಿಕೊಟ್ಟಾಳೇನು?" ಕಣ್ಣು ಮುಚ್ಚಿಕೊಂಡೇ ಅವನು ಹಲ್ಲು ಕಡಿದ.

"ಇಲ್ರಿ," ಅಂದರು ಡಾಕ್ಟರಬಾಯಿ. "ಕಣ್ಣು ಇನ್ನೂ ಗಟ್ಟಿಯಾಗಿ ಮುಚ್ರಿ."