ಹೇಳಿಕೊಳ್ಳಲಾಗದ ಉರಿ

"ಗಂಡಸಿನ ಸಹವಾಸ ಇಲ್ದೇನೂ ಆ ಥರದ ಕಾಯಿಲೆ ಬರತ್ತೇನೆ?"

ಅತ್ತೆ ಹೀಗೆ ಕೇಳಿದಾಗ ಸೊಸೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದಳು. ಗಂಡ ಲಾರಿ ಹತ್ತಿ ಹೋಗಿ ಹದಿನೆಂಟು ದಿನವಾಗಿತ್ತು. ಇವರ ಕಿವಿಗೆ ಯಾರು, ಏನು ಊದಿದರೋ!

"ಯಾವ ಕಾಯಿಲೆ? ನನ್ಮೇಲೇನಾದ್ರೂ ಅನುಮಾನವಾ ನಿಮಗೆ?"

"ನಿನ್ ತಲೆ! ನಿನ್ನ ವಿಷ್ಯ ಯಾರು ಮಾತಾಡಿದ್ರು?" ಅತ್ತೆ ಹೊಲಿಗೆ ಯಂತ್ರದ ಮೇಲಿದ್ದ ಪರದೆ ಬಟ್ಟೆಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. "ನಂಗೆ."

ಸೊಸೆ ಚಪ್ಪಲಿ ಕಳಚಿ ಒಳಗೆ ಬಂದು ಕೂತಳು. ಒಂದೊಂದೇ ಮಾತು ಹೊರಬಿತ್ತು. ಮೂರು ವಾರದಿಂದ ತಡೆಯಲಾರದ ತುರಿಕೆ. ಮೂತ್ರಕ್ಕೆ ಕೂತರೆ ಖಾರ ಸವರಿದಂಥ ಉರಿ. ಒಡೆದ ಹಾಲಿನ ಹಾಗೆ ಬಿಳಿ ಹೋಗುವುದು. ಔಷಧಿ ಅಂಗಡಿಗೆ ಎರಡು ಸಲ ಹೋಗಿದ್ದಳಂತೆ. ಕೌಂಟರಿನಾಚೆ ಗಂಡಸು ನಿಂತಿದ್ದ ಕಾರಣ ಎರಡು ಸಲವೂ ಕೆಮ್ಮಿನ ಗುಳಿಗೆ ಕೊಂಡು ಬಂದಿದ್ದಳಂತೆ. ಕೊನೆಗೆ ನೆಲ ಒರೆಸುವ ಸೋಂಕುನಾಶಕವನ್ನೇ ಬಿಸಿನೀರಿಗೆ ಹಾಕಿ ದಿನಕ್ಕೆ ಮೂರು ಸಲ ತೊಳೆದುಕೊಂಡಿದ್ದಳು. ಉರಿ ಇನ್ನೂ ಹೆಚ್ಚಾಗಿತ್ತು.

"ನಿಮ್ಮಾವ ತೀರ್ಕೊಂಡು ಹನ್ನೊಂದು ವರ್ಷ ಆಯ್ತು ಕಣೆ. ಡಾಕ್ಟ್ರು ಕೇಳಿದ್ರೆ ಏನಂತ ಹೇಳ್ಲಿ?"

ಇದು ಹೇಗೆ ಬರುತ್ತದೆ, ಎಲ್ಲಿಂದ ಬರುತ್ತದೆ ಎಂದು ಸೊಸೆಗೂ ಯಾರೂ ಹೇಳಿರಲಿಲ್ಲ. ಅವತ್ತು ರಜೆ ಹಾಕಿ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಕುರ್ಚಿ ತೋರಿಸುವ ಮುಂಚೆಯೇ ಅತ್ತೆ, "ನಾನು ಅಂಥವಳಲ್ಲ" ಅಂದಳು.

"ಎಂಥವರು ಅಂತ ನಾನು ಕೇಳ್ಲೇ ಇಲ್ವಲ್ಲಮ್ಮ. ಎಲ್ಲಿ ಉರಿಯತ್ತೆ, ಅದನ್ನ ಹೇಳಿ."

ದಿನವಿಡೀ ಹೊಲಿಗೆಗೆ ಕೂರುವುದರಿಂದ ಹಿಡಿದು ನೆಲದ ಔಷಧಿಯವರೆಗೆ ಅತ್ತೆ ಎಲ್ಲ ಹೇಳಿದಳು. ಪರದೆಯ ಹಿಂದೆ ಪರೀಕ್ಷೆ ಮುಗಿಯಿತು. ನರ್ಸ್ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದಳು. ಯಂತ್ರ ಮುನ್ನೂರ ಹತ್ತು ತೋರಿಸಿತು.

"ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ?"

"ಯಾರಿಗೆ?" ಎಂದಳು ಅತ್ತೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೋಡಿ, ಇದು ಯಾರೋ ತಂದು ಅಂಟಿಸಿದ್ದಲ್ಲ. ಯೀಸ್ಟ್ ಅಂತ ಒಂದು ಬೂಷ್ಟು, ನಮ್ಮ ಮೈಯಲ್ಲೇ ಚೂರು ಇರತ್ತೆ. ಒಳ್ಳೆ ಬ್ಯಾಕ್ಟೀರಿಯಾಗಳು ಅದನ್ನ ಹದ್ದುಬಸ್ತಿನಲ್ಲಿ ಇಟ್ಟಿರ್ತವೆ. ಸಕ್ಕರೆ ಏರಿದ್ರೆ ಅದಕ್ಕೆ ಹಬ್ಬ. ಬಸುರಿಯರಿಗೆ ಬರತ್ತೆ, ಮದುವೆ ಆಗದ ಹುಡುಗೀರಿಗೂ ಬರತ್ತೆ. ಜ್ವರಕ್ಕೆ ಅಂತ ಜಾಸ್ತಿ ದಿನ ಆ್ಯಂಟಿಬಯೋಟಿಕ್ ನುಂಗಿದ್ರೂ ಒಳ್ಳೇವು ಸತ್ತು ಇದು ಬೆಳೆಯತ್ತೆ."

"ಮಾತ್ರೆ ನುಂಗಿದ್ರೂನಾ?"

"ಹೂಂ. ನೀವೀಗ ಮೊದ್ಲು ಆ ನೆಲದ ಔಷಧಿ ನಿಲ್ಲಿಸಿ. ಒಳಗೆ ಸೋಪೂ ಬೇಡ, ಹೊರಗೆ ಬರೀ ನೀರು ಸಾಕು. ನೈಲಾನ್ ಒಳಉಡುಪು ಬಿಟ್ಟು ಸಡಿಲ ಹತ್ತಿಯದು ಹಾಕ್ಕೊಳ್ಳಿ. ಇಡೀ ದಿನ ಬೆವರಲ್ಲಿ ಮಿಷನ್ ಮುಂದೆ ಕೂತಿರ್ಬೇಡಿ, ಒದ್ದೆ ಆದ್ರೆ ಬದಲಾಯಿಸಿ. ತುರಿಕೆ ನಿಂತ್ರೂ ಔಷಧಿ ಪೂರ್ತಿ ಮುಗಿಸಿ. ಸಕ್ಕರೆ ಇಳಿಸದಿದ್ರೆ ಇದು ಮತ್ತೆ ಮತ್ತೆ ಬರತ್ತೆ."

"ಅಲ್ಲ, ಮಾತ್ರೆ ನುಂಗಿದ್ರೂ ಬರತ್ತಾ? ಗಂಡ ಸತ್ತೋಳಿಗೂ?"

"ಯಾರಿಗಾದ್ರೂ ಬರತ್ತಮ್ಮ."

ಸೊಸೆಗೆ ತಲೆಬುಡ ಅರ್ಥವಾಗಲಿಲ್ಲ. ಅತ್ತೆ ತಲೆನೋವಿಗೂ ಮಾತ್ರೆ ನುಂಗಿದವಳಲ್ಲ. ಹೊರಗೆ ಮೊಗಸಾಲೆಯ ಬೆಂಚಿನಲ್ಲಿ ಕೂತ ಮೇಲೆ ಕೇಳಿದಳು, "ನೀವ್ಯಾವ ಮಾತ್ರೆ ನುಂಗಿದ್ರಿ?"

"ನಾನಲ್ಲ. ನಮ್ಮಕ್ಕ."

ಮದುವೆಯಾಗಿ ಬಂದು ಆರು ವರ್ಷವಾದರೂ ಅತ್ತೆಗೊಬ್ಬ ಅಕ್ಕ ಇದ್ದಾಳೆಂದು ಸೊಸೆ ಕೇಳಿರಲಿಲ್ಲ. ಗಂಡ ಬೇಗ ತೀರಿಕೊಂಡು ಅಕ್ಕ ತವರಿಗೆ ಬಂದಿದ್ದಳು. ಮರುವರ್ಷ ಅವಳಿಗೆ ಟೈಫಾಯ್ಡ್ ಬಂದು, ತಿಂಗಳಿಡೀ ಮಾತ್ರೆ ನುಂಗಿದ್ದಳು. ಜ್ವರ ಬಿಟ್ಟ ಬೆನ್ನಿಗೇ ಇದೇ ತುರಿಕೆ, ಇದೇ ಉರಿ. ಪಾಪ, ಆಗ ತವರಿಗೆ ಬಂದಿದ್ದ ತಂಗಿಯ ಹತ್ತಿರ ಮಾತ್ರ ಹೇಳಿಕೊಂಡಳು. ತಂಗಿ ಹೋಗಿ ಅಮ್ಮನ ಕಿವಿಗೆ ಹಾಕಿದಳು. ಯಾರ ಜೊತೆ ತಿರುಗಿ ಅಂಟಿಸಿಕೊಂಡೆ ಎಂದು ಮನೆಯವರೆಲ್ಲ ಸೇರಿ ಕೇಳಿದರು. ಅವಳ ತಟ್ಟೆ ಲೋಟ ಬೇರೆ ಇಟ್ಟರು. ನಾಲ್ಕನೇ ದಿನ ಅವಳು ಒಂದು ಚೀಲ ಹಿಡಿದು ಮನೆ ಬಿಟ್ಟಳು.

"ಅವಳು ಮನೆ ಬಿಟ್ಟು ಇಪ್ಪತ್ತಾರು ವರ್ಷ ಆಯ್ತು. ತಟ್ಟೆ ಬೇರೆ ಇಟ್ಟೋಳು ನಾನೇ ಕಣೆ," ಎಂದಳು ಅತ್ತೆ.

ಅಕ್ಕನ ನಂಬರನ್ನು ದೂರದ ನೆಂಟರೊಬ್ಬರಿಂದ ಪಡೆಯಲು ಸೊಸೆ ನಾಲ್ಕು ಕಡೆ ಫೋನ್ ಮಾಡಬೇಕಾಯಿತು. ಅತ್ತೆಗೆ ಕಿವಿ ಸ್ವಲ್ಪ ಮಂದ. ಸ್ಪೀಕರ್ ಹಾಕಿ ಕೈಗೆ ಕೊಟ್ಟಳು. ಆ ಕಡೆ ಒಂದು ಮುದಿ ದನಿ "ಯಾರು?" ಅಂದಿತು.

"ಅಕ್ಕಾ, ನಾನು." ಅತ್ತೆ ಒಂದೇ ಉಸಿರಿಗೆ ಶುರುಮಾಡಿದಳು. "ನಂಗೂ ಅದೇ ಆಯ್ತು ಕಣೇ. ಡಾಕ್ಟ್ರು ಹೇಳಿದ್ರು, ಅದು ಯಾರಿಂದಾನೂ ಬರೋದಲ್ವಂತೆ. ಆ ಮಾತ್ರೆಯಿಂದ ಆಗಿದ್ದಂತೆ..."

"ಗೊತ್ತು. ನಂಗೆ ಆಗ್ಲೇ ಡಾಕ್ಟ್ರು ಹೇಳಿದ್ರು. ಮನೇಲಿ ಯಾರೂ ಕೇಳ್ಲಿಲ್ಲ."

ಫೋನ್ ಕಟ್ಟಾಯಿತೇನೋ ಎಂದು ಸೊಸೆ ಬಗ್ಗಿ ನೋಡಿದಳು. ಸೆಕೆಂಡುಗಳು ಓಡುತ್ತಿದ್ದವು. ಆಮೇಲೆ ಅದೇ ದನಿ, ಸ್ವಲ್ಪ ತಗ್ಗಿ, ಕೇಳಿತು:

"ಈಗ ಉರಿ ಕಮ್ಮಿ ಆಯ್ತೇನೇ ನಿಂಗೆ?"