ಬೆಂಕಿಗೆ ಮಾತ್ರ ಬ್ರಾಂದಿ

ಬ್ರಾಂದಿ ಬಾಟಲಿಗೆ ಕೊನೆಯ ತೊಟ್ಟು ಟೀ ಬಗ್ಗಿಸಿ, ವಿಲ್ಫ್ರೆಡ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಣ್ಣದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಲು ಬೆರೆಸದೆ, ಎರಡು ಚಮಚ ಸಕ್ಕರೆ ಹಾಕಿ ತನಗೆಂದು ಮಾಡಿಕೊಂಡಿದ್ದ ಟೀ. ಬಿರಡೆ ಒತ್ತಿ, ಉಗ್ರಾಣಕ್ಕೆ ಬೀಗ ಹಾಕಿ, ಕಳ್ಳಕೀಲಿಯನ್ನು ಕಾಲುಚೀಲದೊಳಗೆ ಇಳಿಬಿಟ್ಟ. ಕ್ರಿಸ್‌ಮಸ್‌ಗೆ ಇನ್ನೊಂದೇ ವಾರ.

ಆ ಕೀಲಿಯನ್ನು ಅವನು ಅರದಿಂದ ಉಜ್ಜಿ ಮಾಡಿಕೊಂಡದ್ದೂ ಅತ್ತೆಯ ಬೀಗ-ಮೊಳೆಯ ಅಂಗಡಿಯಲ್ಲೇ. ಅತ್ತೆ ಹೆಸ್ಟರ್ ಯಾರ್ಕ್‌ಶೈರಿನ ಆ ಊರಿನ ಪಾನವಿರೋಧಿ ಮಹಿಳಾ ಸಂಘದ ಅಧ್ಯಕ್ಷೆ. ಮನೆಗೆ ಬರುವುದು ವರ್ಷಕ್ಕೊಂದೇ ಬಾಟಲಿ, ಅದೂ ಹಬ್ಬದ ಪುಡ್ಡಿಂಗ್ ಮೇಲೆ ಸುರಿದು ಬೆಂಕಿ ಹಚ್ಚುವುದಕ್ಕೆ. ಮದುವೆಗೆ ಮುಂಚೆ ಬೈಬಲ್ ಮುಟ್ಟಿಸಿ ಹೇಳಿದ್ದರು: “ಬಾಯಿಂದ ಒಂದು ದಿನ ವಾಸನೆ ಬರ್ಲಿ ಅಳಿಯಂದ್ರೆ, ಅಂಗಡೀಲೂ ಜಾಗ ಇಲ್ಲ, ಮನೇಲೂ ಇಲ್ಲ. ನನ್ನ ಮಗಳು ಮೇಬಲ್ ನನ್ನ ಜೊತೆ ಇರ್ತಾಳೆ.”

ಹೋಗಲಿ, ಹೊಸ ಬಾಟಲಿ ತಂದಿಡಬಾರದೇ? ಊರಿಗೊಂದೇ ಮದ್ಯದಂಗಡಿ. ಅತ್ತೆ ಕೊಂಡರೆ ಪುಡ್ಡಿಂಗಿಗೆ, ಅಳಿಯ ಕೊಂಡರೆ ಚಟಕ್ಕೆ. ಸಂಜೆಯೊಳಗೆ ಊರೆಲ್ಲ ಡಂಗುರ.

ಎಲ್ಲ ಶುರುವಾದದ್ದು ನವೆಂಬರಿನಲ್ಲಿ, ಪುಡ್ಡಿಂಗ್ ಕಲಸುವ ಭಾನುವಾರ. ಮನೆಯವರೆಲ್ಲ ಸರದಿಯಂತೆ ಸೌಟನ್ನು ಪೂರ್ವದಿಂದ ಪಶ್ಚಿಮಕ್ಕೆ ತಿರುವಿ, ಮನಸ್ಸಿನಲ್ಲೇ ಒಂದೊಂದು ವರ ಬೇಡಬೇಕು. ವಿಲ್ಫ್ರೆಡ್ ಒಂದು ಗುಟುಕು ಬೇಡಿಕೊಂಡ. ದೇವರು ಕೊಟ್ಟ. ಒಂದಕ್ಕೇ ನಿಲ್ಲಿಸುವ ಬುದ್ಧಿಯನ್ನು ಮಾತ್ರ ಕೊಡಲಿಲ್ಲ.

ಹಬ್ಬದ ದಿನ ಪಾದ್ರಿಗಳೂ ಸಂಘದ ಹೆಂಗಸರೂ ಮೇಜಿನ ಸುತ್ತ ಕೂತರು. ಇವರ ಮುತ್ತಜ್ಜಂದಿರೇ ಒಂದು ಕಾಲಕ್ಕೆ ಪುಡ್ಡಿಂಗ್ ಪಾಪದ ತಿಂಡಿಯೆಂದು ಬೈದು ಬಿಸುಟವರು. ಆ ಮರಿಮಕ್ಕಳು ಈಗಲೇ ಎರಡನೇ ತುಂಡಿಗೆ ಲೆಕ್ಕ ಹಾಕುತ್ತಿದ್ದರು. ಅತ್ತೆ ಹಲ್ಲುನೋವಿಗೆಂದು ಸದಾ ಜಗಿಯುವ ಲವಂಗವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, ಬಾಟಲಿ ಎತ್ತಿಕೊಂಡರು.

ವಿಲ್ಫ್ರೆಡ್ ಕುರ್ಚಿಯಿಂದ ಅರ್ಧ ಎದ್ದ. “ಅತ್ತೆ, ಈ ಸಲ ಬೆಂಕಿ ಬೇಡ ಅಂತೀನಿ. ಪರದೆಗೆ ಹತ್ಕೊಂಡ್ರೆ?”

“ಇಷ್ಟು ವರ್ಷ ಹತ್ತದೇ ಇದ್ದದ್ದು ಇವತ್ತು ಹತ್ತುತ್ತಾ? ಸುಮ್ನೆ ಕೂತ್ಕೊಳ್ಳಿ.”

ಅದೂ ನಿಜವೇ. ಆ ಮನೆಯ ಪುಡ್ಡಿಂಗ್ ಜ್ವಾಲೆ ಪ್ರತಿ ವರ್ಷ ಒಂದಿಷ್ಟು ನೀಲಿಯಾಗಿ ಮಿಣುಕಿ, ಚಪ್ಪಾಳೆ ಮುಗಿಯುವ ಮೊದಲೇ ಆರಿಹೋಗುತ್ತಿತ್ತು. ಸಂಯಮಿಗಳ ಮನೆಯಲ್ಲಿ ಬೆಂಕಿಗೂ ಸಂಯಮ ಎಂದು ಪಾದ್ರಿಗಳು ಹೊಗಳುತ್ತಿದ್ದರು.

ಬಿರಡೆ ಬಿಗಿಯಾಗಿತ್ತು, ಅತ್ತೆ ತಿಣುಕಿ ತೆಗೆದರು. ಸುರಿದರು. ಕಡ್ಡಿ ಗೀರಿದರು. ಬೀದಿಪಾಲಾದೆ ಎಂದು ವಿಲ್ಫ್ರೆಡ್ ಕಣ್ಣು ಮುಚ್ಚಿಕೊಂಡ.

ಭಗ್ಗೆಂದಿತು.

ಕಣ್ಣು ಬಿಟ್ಟರೆ ಮೊಳದುದ್ದದ ಜ್ವಾಲೆ. ಪುಡ್ಡಿಂಗಿನ ನೆತ್ತಿಗೆ ಅಲಂಕಾರಕ್ಕೆ ಚುಚ್ಚಿದ್ದ ಮುಳ್ಳೆಲೆ ಚಟಪಟ ಸುಟ್ಟುಹೋಯಿತು. ಪಾದ್ರಿಗಳು ಕುರ್ಚಿಸಮೇತ ಹಿಂದೆ ಸರಿದು ಹುಬ್ಬು ಉಳಿಸಿಕೊಂಡರು. ಹೆಂಗಸರು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು.

ವಿಲ್ಫ್ರೆಡ್ ಮೇಜಿನ ಕೆಳಗೇ ಕೈ ಜೋಡಿಸಿದ. ಮದುವೆಮನೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದ ಕರ್ತ, ಪಾಪಿಯ ಟೀಯನ್ನೂ ಕೈಬಿಡಲಿಲ್ಲ. ಇನ್ನು ಸತ್ತರೂ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ. ಕಣ್ಣೀರು ಪಳಕ್ಕನೆ ಉದುರಿತು.

“ಹೊಗೆ,” ಎಂದ ಪಾದ್ರಿಗಳಿಗೆ.

ಅತ್ತೆ ಎಲ್ಲರಿಗಿಂತ ದೊಡ್ಡ ಹೋಳನ್ನು ಅವನ ತಟ್ಟೆಗೆ ಬಡಿಸಿದರು. ಕಟ್ಟಿಸಿಕೊಂಡ ಹಲ್ಲುಸಾಲು ಪೂರ್ತಿ ಕಾಣುವಂತೆ ಅತಿಥಿಗಳತ್ತ ನಕ್ಕು, ಅವನ ಕಿವಿಗೆ ಬಾಗಿದರು.

“ಕುಡಿದಷ್ಟು ನೀರು ಸೇರಿಸಿಡ್ಬೇಕು ಅಳಿಯಂದ್ರೆ, ವರ್ಷವರ್ಷ ನಾನು ಸೇರಿಸ್ತಿದ್ನಲ್ಲ, ಹಾಗೆ. ಎರಡು ಚಮಚ ಸಕ್ಕರೆ ಹಾಕಿದ ಟೀ ತುಂಬಿದ್ರೆ ಇನ್ನೊಂದು ಬಾಟಲಿ ತರೋ ಖರ್ಚು ನನ್ನ ತಲೆಗೇ ಬರುತ್ತೆ.”