ಹರಾಜಪ್ಪನ ಐದು ನಿಮಿಷ

"ಎಂಬತ್ತು, ತೊಂಬತ್ತು, ನೂರು ದಾಟ್ತು... ನೂರಾ ಇಪ್ಪತ್ತು, ಯಾರಿದೀರಿ ಮುಂದಕ್ಕೆ, ನೂರಾ ನಲವತ್ತು... ನೂರಾ ಅರವತ್ತು ಒಂದು ಸಲ, ನೂರಾ ಅರವತ್ತು ಎರಡು ಸಲ..."

ಡಾಕ್ಟರ ಕೋಣೆಯಲ್ಲಿ ಕೂತು ಹೀಗೆ ಕೂಗುತ್ತಿದ್ದವನು ಹರಾಜಪ್ಪ. ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದೇ ಕಸುಬಾದ್ದರಿಂದ ಅಂಟಿಕೊಂಡ ಹೆಸರು ಅದು. ಹೆತ್ತವರು ಇಟ್ಟ ಹೆಸರನ್ನು ಹೆಂಡತಿಯೂ ನೆನಪು ಮಾಡಿಕೊಂಡೇ ಹೇಳಬೇಕು. ಬಲಗೈಗೆ ಬಿ.ಪಿ. ಯಂತ್ರದ ಪಟ್ಟಿ ಸುತ್ತಿತ್ತು. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಯನ್ನು ಯಾರೂ ಮುಟ್ಟದಂತೆ ತೊಡೆಯ ಮೇಲೆ ಜೋಪಾನವಾಗಿ ಇಟ್ಟುಕೊಂಡಿದ್ದ. ಯಂತ್ರದಲ್ಲಿ ಅಂಕಿ ಏರಿದಂತೆಲ್ಲ ಅವನ ದನಿಯೂ ಏರಿತು. ಅಂಕಿ ಇಳಿಯತೊಡಗಿದಾಗ, ಒಳ್ಳೆಯ ಮಾಲಿಗೆ ಬೆಲೆ ಬೀಳುತ್ತಿದೆಯಲ್ಲ ಎಂಬಂತೆ ಮುಖ ಸಿಂಡರಿಸಿಕೊಂಡ.

ಮನೆಯಲ್ಲಿ ಹೇಗೆ ನೋಡಿಕೊಳ್ಳುತ್ತೀರಿ, ಇಲ್ಲೇ ಮಾಡಿ ತೋರಿಸಿ ಎಂದು ಕೇಳಿದ್ದು ಡಾಕ್ಟರೇ. ಡಯಾಲಿಸಿಸ್‌ಗೆ ಮುಂಚೆ ಮೈಯಲ್ಲಿ ನೀರು ತುಂಬಿ ಬಿ.ಪಿ. ಒಂದು ಇರುತ್ತದೆ, ನೀರು ತೆಗೆದಾದ ಮೇಲೆ ಇನ್ನೊಂದು. ಹೃದಯಕ್ಕೆ ದಿನಾ ಎಷ್ಟು ಹೊರೆ ಬೀಳುತ್ತಿದೆ ಎಂದು ತಿಳಿಯಲು ಮನೆಯಲ್ಲಿ ನೋಡಿದ್ದೇ ಮುಖ್ಯ ಎಂದು ಅವರು ಮೊದಲೇ ಹೇಳಿದ್ದರು. ಆದರೆ ಮನೆಯಲ್ಲಿ ನೋಡಿದರೆ ಬಿ.ಪಿ. ಕೆಳಗಿಳಿಯುವ ಮಾತೇ ಇಲ್ಲ. ಇನ್ನೊಂದು ಮಾತ್ರೆ ಸೇರಿಸಲೇಬೇಕಾಗುತ್ತದೇನೋ ಎಂದು ಡಾಕ್ಟರು ಅಂದಾಗ, ಜೊತೆಗೆ ಬಂದಿದ್ದ ಹೆಂಡತಿ ಹೆದರಿದಳು. ಹಿಂದೊಮ್ಮೆ ಮಾತ್ರೆ ಹೆಚ್ಚಿಸಿದಾಗ ಡಯಾಲಿಸಿಸ್ ನಡುವೆಯೇ ಬಿ.ಪಿ. ಕುಸಿದು ಗಂಡ ಎಚ್ಚರ ತಪ್ಪಿದ್ದ. ಹರಾಜಪ್ಪನ ಚಿಂತೆಯೇ ಬೇರೆ. ಬಿ.ಪಿ. ಇಳಿಯುವ ತನಕ ಮಂಡಿಯ ಕಡೆ ತಲೆ ಹಾಕುವಂತಿಲ್ಲ, ಮಂಡಿಯಿಲ್ಲದೆ ಅವನಿಗೆ ಬದುಕೇ ಬೇಡವಾಗಿತ್ತು.

ಡಾಕ್ಟರು ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಯಜಮಾನ್ರೇ, ಮಾತಾಡ್ತಾ ನೋಡಿದ್ರೆ ಯಾರ ಬಿ.ಪಿ. ಆದ್ರೂ ಏರತ್ತೆ. ನೀವು ಬರೀ ಮಾತಾಡ್ತಿಲ್ಲ, ಹರಾಜೇ ಕೂಗ್ತಿದೀರಿ. ಬೆನ್ನು ಒರಗಿಸಿ, ಕಾಲು ನೆಲಕ್ಕೂರಿ, ಐದು ನಿಮಿಷ ಬಾಯಿ ಮುಚ್ಚಿ ಕೂತ್ಕೊಳ್ಳಿ. ಆಮೇಲೆ ನೋಡ್ಕೊಳ್ಳಿ, ಆಗಲೂ ಮಾತಿಲ್ಲ. ಒಂದು ವಾರ ಹೀಗೆ ಮಾಡಿ ಬನ್ನಿ. ಮಾತ್ರೆ ವಿಚಾರ, ಮಂಡಿ ವಿಚಾರ ಎರಡೂ ಆಮೇಲೆ."

ಐದು ನಿಮಿಷ! ಹರಾಜಪ್ಪ ನಿದ್ದೆಯಲ್ಲೂ ಅಷ್ಟು ಹೊತ್ತು ಸುಮ್ಮನಿದ್ದವನಲ್ಲ. ಮದುವೆಯಾದಂದಿನಿಂದ ಹೆಂಡತಿ ಒಂದು ಮಾತು ಶುರು ಮಾಡಿದರೆ ಅದನ್ನು ಮುಗಿಸುತ್ತಿದ್ದವನು ಅವನು. ಮನೆಗೆ ಬಂದು ಅವಳು ಪಟ್ಟಿ ಸುತ್ತಿ ಕುರ್ಚಿಯಲ್ಲಿ ಕೂರಿಸಿದರೆ ಅರೆ ನಿಮಿಷಕ್ಕೇ ಟೊಮೆಟೊ ಬೆಲೆ ಎತ್ತಿದ. ಬೈದಳು, ಕೈ ಮುಗಿದಳು, ಏನೂ ನಡೆಯಲಿಲ್ಲ. ಕೊನೆಗೆ ಅವಳಿಗೆ ರೇಗಿಹೋಗಿ, ಎದುರಿಗೆ ಮಣೆ ಎಳೆದುಕೊಂಡು ಕೂತು, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಮಾತನ್ನು ಹೊರಗೆ ಹಾಕಿಯೇಬಿಟ್ಟಳು.

"ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಉಳುಕಿತು ಅಂದಿದ್ದೆನಲ್ಲ, ಅದು ಸುಳ್ಳು ರೀ. ತಂಗಿ ಮನೆಗೆ ಅಂತ ಹೇಳಿ ಸೈಕಲ್ ಕಲಿಯೋಕೆ ಹೋಗಿದ್ದೆ. ಚರಂಡಿಗೆ ಬಿದ್ದೆ."

ಹರಾಜಪ್ಪ ಕಕ್ಕಾಬಿಕ್ಕಿಯಾದ. ಆ ಸುಳ್ಳನ್ನು ನಂಬಿ ಅವನು ಬಚ್ಚಲಿನ ನೆಲವನ್ನೆಲ್ಲ ಕೀಳಿಸಿ ಹೊಸ ಕಲ್ಲು ಹಾಕಿಸಿದ್ದ; ಜಾರುವ ಕಲ್ಲು ಹಾಕಿದ್ದ ಗಾರೆಯವನಿಗೆ ಇಡೀ ಮಂಡಿ ಕೇಳುವಂತೆ ಬೈದಿದ್ದ. ಬಾಯಿ ತೆರೆಯಹೋದ. ಅವಳು ಅವನ ಕೈಯ ಪಟ್ಟಿ ತೋರಿಸಿದಳು. ಬಾಯಿ ಮುಚ್ಚಿಕೊಂಡ. ಅವನು ಪಿಳಿಪಿಳಿ ನೋಡುತ್ತಿದ್ದಂತೆ ಅವಳು ನಿಧಾನವಾಗಿ, ಯಾರೂ ಅಡ್ಡ ಬರುವುದಿಲ್ಲವೆಂಬ ಧೈರ್ಯದಲ್ಲಿ, ಚರಂಡಿಯಿಂದ ಎದ್ದು ಕುಂಟುತ್ತಲೇ ಮತ್ತೆ ಸೈಕಲ್ ಹತ್ತಿದ್ದು, ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟಿದ್ದು, ಗಾಳಿಗೆ ಸೆರಗು ಪಟಪಟ ಹೊಡೆದುಕೊಂಡಿದ್ದು ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಮುಖ ಊರಗಲವಾಯಿತು. ಇಷ್ಟು ಖುಷಿ ತನ್ನೊಳಗೆ ಇನ್ನೂ ಉಳಿದಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಆಮೇಲೆ ಗುಂಡಿ ಒತ್ತಿದಳು. ಬಿ.ಪಿ. ಎಂದೂ ಕಾಣದಷ್ಟು ಕೆಳಗಿತ್ತು. ಮರುದಿನ ತಂಗಿಯ ಜೊತೆ ಕದ್ದು ನೋಡಿದ ಸಿನಿಮಾದ ವಿಷಯ ಬಂತು, ಅದರ ಮರುದಿನ ಅತ್ತೆಯೂ ಅವಳೂ ಸೇರಿ ಅವನಿಂದ ಮುಚ್ಚಿಟ್ಟ ಒಂದು ಸಂಗತಿ. ಅರ್ಧಕ್ಕೆ ನಿಂತದ್ದನ್ನು ನಾಳೆಗೆ ಉಳಿಸಿಕೊಳ್ಳುವುದನ್ನೂ ಅವಳು ಕಲಿತಳು.

ವಾರ ಕಳೆದು ಮತ್ತೆ ತೋರಿಸಲು ಹೋದಾಗ ಡಾಕ್ಟರಿಗೆ ಬಲು ಸಂತೋಷ. ಹೊಸ ಮಾತ್ರೆ ಬೇಡ ಎಂದರು. ಉಪ್ಪು, ನೀರು ಎರಡರ ಮೇಲೂ ಹಿಡಿತವಿರಲಿ; ಡಯಾಲಿಸಿಸ್ ಇಲ್ಲದ ದಿನ ಬೆಳಿಗ್ಗೆ ಸ್ವಲ್ಪ ಹೊತ್ತು ಮಂಡಿಗೆ ಹೋಗಬಹುದು, ಆದರೆ ಗಂಟಲು ಹರಿಯುವಂತೆ ಕೂಗದೆ ಮೈಕ್ ಹಿಡಿಯಬೇಕು; ಬಿ.ಪಿ.ಯನ್ನು ಇನ್ನು ದಿನಾ ನೋಡಬೇಕಾಗಿಲ್ಲ, ವಾರಕ್ಕೆರಡು ಸಲ ಸಾಕು. ಹೆಂಡತಿಗೆ ಕುಣಿಯುವಷ್ಟು ಹಿಗ್ಗಾಯಿತು. ಆ ಕೊನೆಯ ಮಾತಿಗೆ ಮಾತ್ರ ಒಳಗೆಲ್ಲೋ ಚುರುಕ್ಕೆಂದಿತು.

ಹರಾಜಪ್ಪ ಮತ್ತೆ ಮಂಡಿಗೆ ಹೋಗಿ ಬಂದ ದಿನ, ಇವತ್ತು ಮಲಗುವ ತನಕ ಅವನದೇ ಮಾತು ಎಂದುಕೊಂಡು ಅವಳು ಅಡುಗೆಮನೆಯಲ್ಲೇ ಉಳಿದಳು. ಹೊರಗೆ ಸದ್ದೇ ಇಲ್ಲ. ಗಾಬರಿಯಾಗಿ ಬಂದು ನೋಡಿದರೆ, ಅವನು ಬೆನ್ನು ಒರಗಿಸಿ, ಕಾಲು ನೆಲಕ್ಕೂರಿ ಕುರ್ಚಿಯಲ್ಲಿ ಕೂತಿದ್ದ. ಬಲಗೈಗೆ ಪಟ್ಟಿ ಸುತ್ತಿಕೊಂಡಿದ್ದ. ಎದುರಿಗೆ ಅವಳ ಮಣೆ.

"ಇವತ್ತು ನೋಡೋ ದಿನ ಅಲ್ಲವಲ್ಲ ರೀ?"

ಅವನು ತುಟಿಯ ಮೇಲೆ ಬೆರಳಿಟ್ಟು, ಕಣ್ಣಿನಲ್ಲೇ ಮಣೆ ತೋರಿಸಿದ. ಪಟ್ಟಿಯ ಕೊಳವೆ ಸುಮ್ಮನೆ ಜೋತುಬಿದ್ದಿತ್ತು. ಯಂತ್ರ ಇನ್ನೂ ಕಪಾಟಿನಲ್ಲೇ ಇತ್ತು.